ಶೆಫೀಲ್ಡಿನ ಮಹಡಿ ಕೋಣೆ, ಲಂಡನ್ನಿನ ಪುಟ್ಟ ರಂಗಮಂದಿರ: ಮುಕ್ತ ಆಶುವಾದನದ ಎರಡು ಕಛೇರಿ ಸರಣಿಗಳು

ಇಂಗ್ಲೆಂಡಿನಲ್ಲಿ 1960ರ ದಶಕದ ನಡುವೆ ಹೊಸ ಬಗೆಯ ವಾದನವೊಂದು ರೂಢಿಗೆ ಬಂತು. ಅದರಲ್ಲಿ ಬರೆದಿಟ್ಟ ಕೃತಿಯಿಲ್ಲ, ಎಣಿಸಿಕೊಂಡು ಹೋಗಬಹುದಾದ ಲಯವಿಲ್ಲ, ಮೊದಲೇ ಮಾತಾಡಿಕೊಂಡ ಸ್ವರಸಂಗತಿಯೂ ಇಲ್ಲ. ಇಬ್ಬರೋ ಮೂವರೋ ಐವರೋ ವಾದಕರು ಒಟ್ಟಿಗೆ ಕೂತು, ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತ, ನುಡಿಸುತ್ತ ನುಡಿಸುತ್ತಲೇ ಸಂಗೀತವನ್ನು ಕಟ್ಟುತ್ತಿದ್ದರು. ಇದನ್ನು ಈ ಟಿಪ್ಪಣಿಯಲ್ಲಿ ಮುಕ್ತ ಆಶುವಾದನ ಎಂದು ಕರೆದಿದ್ದೇನೆ. ಇದರ ಚರಿತ್ರೆ ಬರೆದವರು ಸಾಮಾನ್ಯವಾಗಿ ಪ್ರಭಾವಗಳಿಂದ ತೊಡಗುತ್ತಾರೆ: ಜಾಝ್‌ನಿಂದ ಆರ್ನೆಟ್ ಕೋಲ್ಮನ್, ಜಾನ್ ಕೋಲ್ಟ್ರೇನ್, ಯುರೋಪಿನ ಆಧುನಿಕರಿಂದ ವೆಬರ್ನ್, ಮೆಸಿಯಾನ್, ಇವರ ಜೊತೆಗೆ ಅಮೆರಿಕದ ಜಾನ್ ಕೇಜ್. ಈ ಪ್ರಭಾವಗಳನ್ನು ಅಲ್ಲಗಳೆಯಲು ಬರುವುದಿಲ್ಲ. ಆದರೆ ಇವರ ಧ್ವನಿಮುದ್ರಿಕೆಗಳು ಆಗ ಯುರೋಪಿನ ಹತ್ತಾರು ಊರುಗಳಲ್ಲಿ ಸಿಗುತ್ತಿದ್ದವು. ಕೇಳಿದ ಎಲ್ಲ ಊರುಗಳಲ್ಲೂ ಹೊಸ ವಾದನ ಹುಟ್ಟಲಿಲ್ಲ. ಹುಟ್ಟಿದ ಕಡೆ ಬೇರೆ ಏನಿತ್ತು?

ಎರಡು ಚಿಕ್ಕ ಕಛೇರಿ ಸರಣಿಗಳನ್ನು ಇಟ್ಟುಕೊಂಡು ಈ ಪ್ರಶ್ನೆಗೆ ಉತ್ತರ ಹುಡುಕಿದ್ದೇನೆ. ಮೊದಲನೆಯದು ಶೆಫೀಲ್ಡ್ ನಗರದ ಗ್ರೇಪ್ಸ್ ಎಂಬ ಪಬ್ಬಿನ ಮಹಡಿ ಕೋಣೆಯಲ್ಲಿ ಶನಿವಾರದ ಮಧ್ಯಾಹ್ನಗಳಲ್ಲಿ ನಡೆದದ್ದು. ಎರಡನೆಯದು ಲಂಡನ್ನಿನ ಲಿಟ್ಲ್ ಥಿಯೇಟರ್ ಕ್ಲಬ್ಬಿನಲ್ಲಿ ನಾಟಕ ಮುಗಿದ ಮೇಲೆ ರಾತ್ರಿ ಹೊತ್ತು ನಡೆದದ್ದು. ಗೊತ್ತಾದ ಹೊತ್ತಿಗೆ, ತಪ್ಪದೆ, ವರ್ಷಗಟ್ಟಲೆ ಸಿಗುತ್ತಿದ್ದ ಕೋಣೆಯೇ ಈ ವಾದನದ ನಿಜವಾದ ಗುರುಕುಲ ಎಂಬುದು ನನ್ನ ವಾದ. ಇದಕ್ಕೆ ಬಲವಾದ ಆಕ್ಷೇಪವೊಂದು ಇದೆ. ಅದನ್ನೂ ಮುಂದೆ ಎತ್ತಿಕೊಳ್ಳುತ್ತೇನೆ.

ಮೊದಲು ಶೆಫೀಲ್ಡ್. ಉಕ್ಕಿನ ಕಾರ್ಖಾನೆಗಳ ಊರು. ಅಲ್ಲಿ 1963ರಲ್ಲಿ ಮೂವರು ಕೂಡಿದರು. ಗಿಟಾರ್ ವಾದಕ ಡೆರೆಕ್ ಬೇಲಿ ಅದೇ ಊರಿನವರು, 1930ರಲ್ಲಿ ಹುಟ್ಟಿದವರು. ಆ ಹೊತ್ತಿಗಾಗಲೇ ನೃತ್ಯಶಾಲೆ, ರಾತ್ರಿ ಕ್ಲಬ್ಬು, ರೇಡಿಯೋ ಎಂದು ಹೊಟ್ಟೆಪಾಡಿನ ವಾದನದಲ್ಲಿ ಪಳಗಿದ್ದವರು. ಡ್ರಮ್ಸ್ ವಾದಕ ಟೋನಿ ಆಕ್ಸ್‌ಲಿ, 1938ರಲ್ಲಿ ಹುಟ್ಟಿದವರು, ಸೇನೆಯ ಬ್ಯಾಂಡಿನಲ್ಲಿ ತರಬೇತಾದವರು. ಡಬಲ್ ಬಾಸ್ ನುಡಿಸುತ್ತಿದ್ದ ಗ್ಯಾವಿನ್ ಬ್ರಯರ್ಸ್ ಯಾರ್ಕ್‌ಷೈರಿನ ಗೂಲ್ ಊರಿನವರು. ವಯಸ್ಸಿನಲ್ಲಿ ಕಿರಿಯರು, ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ವಿದ್ಯಾರ್ಥಿ. ತಮ್ಮ ಕೂಟಕ್ಕೆ ಅವರು ಇಟ್ಟ ಹೆಸರು ಜೋಸೆಫ್ ಹಾಲ್‌ಬ್ರೂಕ್. ಅದು 1958ರಲ್ಲಿ ತೀರಿಕೊಂಡ, ಬರೆದದ್ದು ಬಹಳವಾದರೂ ಜನ ಬೇಗ ಮರೆತುಬಿಟ್ಟ ಒಬ್ಬ ಇಂಗ್ಲಿಷ್ ಸಂಗೀತಕಾರರ ಹೆಸರು. ಅವರ ಸಂಗೀತಕ್ಕೂ ಈ ಮೂವರ ವಾದನಕ್ಕೂ ಸಂಬಂಧವಿಲ್ಲ.

ಗ್ರೇಪ್ಸ್ ಇರುವುದು ಊರ ನಡುವಿನ ಟ್ರಿಪೆಟ್ ಲೇನ್ ಎಂಬ ಬೀದಿಯಲ್ಲಿ. ಆರ್ಕ್ಟಿಕ್ ಮಂಕೀಸ್ ಎಂಬ ಪ್ರಸಿದ್ಧ ರಾಕ್ ತಂಡ 2003ರಲ್ಲಿ ತನ್ನ ಮೊದಲ ಕಾರ್ಯಕ್ರಮ ಕೊಟ್ಟದ್ದೂ ಇದೇ ಪಬ್ಬಿನಲ್ಲಿ. ಹಾಗಾಗಿ ಇಂದು ಆ ಕಟ್ಟಡವನ್ನು ಹುಡುಕಿಕೊಂಡು ಬರುವವರಲ್ಲಿ ಹೆಚ್ಚಿನವರು ಆ ನೆನಪಿಗಾಗಿ ಬರುತ್ತಾರೆ. ಅದಕ್ಕೂ ನಲವತ್ತು ವರ್ಷ ಹಿಂದಿನ ಶನಿವಾರಗಳ ಮಾತು ಅವರಿಗೆ ತಿಳಿದಿರುವುದು ಅಪರೂಪ.

ಆ ಶನಿವಾರಗಳಲ್ಲಿ ನಡೆದದ್ದನ್ನು ಬೇಲಿಯವರು 1980ರಲ್ಲಿ ಪ್ರಕಟವಾದ ತಮ್ಮ ಆಶುವಾದನ ಕುರಿತ ಪುಸ್ತಕದಲ್ಲಿ ಹೇಳಿದ್ದಾರೆ. ಮೂವರೂ ಶುರುಮಾಡಿದ್ದು ಆ ಕಾಲದ ಜಾಝ್‌ನಿಂದ. ಪಿಯಾನೋ ವಾದಕ ಬಿಲ್ ಎವನ್ಸ್ ಅವರ ತ್ರಿವಳಿ, ಕೋಲ್ಟ್ರೇನ್ ಅವರ ತಂಡ ಇವರಿಗೆ ಮಾದರಿ. ಬರಬರುತ್ತ ಆಕ್ಸ್‌ಲಿ ತಾಳದ ಮಾತ್ರೆಗಳನ್ನು ಐದೈದಾಗಿ, ಬೇರೆ ಬೇರೆ ಲೆಕ್ಕದಲ್ಲಿ ಒಡೆಯತೊಡಗಿದರು. ಕೇಳುವವರಿಗೆ ಕಾಲಪ್ರಮಾಣದ ಹಿಡಿತ ಸಡಿಲವಾಯಿತು. ತನಿ ಆವರ್ತನದಲ್ಲಿ ನಡೆ ಬದಲಾಗುವುದನ್ನು ಕೇಳಿ ಬಲ್ಲ ನಮ್ಮ ರಸಿಕರಿಗೆ ಈ ಹಂತ ಅಪರಿಚಿತವಲ್ಲ. ವ್ಯತ್ಯಾಸವಿಷ್ಟೆ: ನಮ್ಮಲ್ಲಿ ನಡೆ ಎಷ್ಟೇ ಬದಲಾದರೂ ತಾಳ ನಿಂತಿರುತ್ತದೆ, ಸಮಕ್ಕೆ ಬಂದು ಸೇರಲೇಬೇಕು. ಇವರು ಕೆಲ ತಿಂಗಳಲ್ಲಿ ಆ ಸಮವನ್ನೂ ಬಿಟ್ಟರು. ಸ್ವರಸಂಗತಿಗಳ ಚೌಕಟ್ಟೂ ಇದೇ ರೀತಿ ಒಂದೊಂದೇ ಕಟ್ಟು ಕಳಚಿಕೊಂಡಿತು. ಬ್ರಯರ್ಸ್ ತಂದುಕೊಟ್ಟ ಮೆಸಿಯಾನ್, ಕೇಜ್ ಮೊದಲಾದವರ ವಿಚಾರಗಳು ಇದಕ್ಕೆ ಒತ್ತಾಸೆಯಾದವು. ಸುಮಾರು ಎರಡು ವರ್ಷದಲ್ಲಿ ಮೂವರೂ ಯಾವ ಹಾಡಿನ ಹಂಗೂ ಇಲ್ಲದೆ ನುಡಿಸುವ ಕಡೆ ಬಂದು ನಿಂತಿದ್ದರು.

ಈ ಬದಲಾವಣೆ ಒಂದು ಘೋಷಣೆಯಿಂದ ಆದದ್ದಲ್ಲ. ಪ್ರತಿ ಶನಿವಾರ ಸ್ವಲ್ಪ ಸ್ವಲ್ಪವೇ ಆದದ್ದು. ಹಿಂದಿನ ವಾರ ಸಡಿಲಗೊಂಡದ್ದನ್ನು ಈ ವಾರ ಇನ್ನಷ್ಟು ಸಡಿಲಿಸುವುದಕ್ಕೆ ಅದೇ ಕೋಣೆ, ಅದೇ ಜೊತೆಗಾರರು ಬೇಕಿತ್ತು.

ಇಲ್ಲಿ ಆಧಾರದ ಪ್ರಶ್ನೆ ಬರುತ್ತದೆ. ಹಾಲ್‌ಬ್ರೂಕ್ ತ್ರಿವಳಿಯ ಆ ಕಾಲದ ವಾದನದಿಂದ ಪ್ರಕಟಣೆಗೆ ಬಂದು ಪ್ರಸಿದ್ಧವಾಗಿರುವುದು 1965ರ ಅಭ್ಯಾಸದ ವೇಳೆಯ ಸುಮಾರು ಹತ್ತು ನಿಮಿಷದ ಒಂದು ಧ್ವನಿಮುದ್ರಣ. 1999ರಲ್ಲಿ ಇಂಕಸ್ ಸಂಸ್ಥೆ ಅದನ್ನು ಪುಟ್ಟ ಸಿ.ಡಿ.ಯಾಗಿ ಹೊರತಂದಿತು. ಅದರಲ್ಲಿರುವುದು ಕೋಲ್ಟ್ರೇನ್ ಅವರ 1962ರ ಧ್ವನಿಮುದ್ರಿಕೆಯಿಂದ ಆಯ್ದುಕೊಂಡ 'ಮೈಲ್ಸ್ ಮೋಡ್' ಎಂಬ ರಚನೆ. ಅಂದರೆ ಮುಕ್ತ ಆಶುವಾದನದ ತೊಟ್ಟಿಲೆಂದು ಹೆಸರಾದ ಕೂಟದ ಈ ಸಾಕ್ಷ್ಯ ಒಂದು ಹಾಡಿನದು, ಮುಕ್ತವಾದನದ್ದಲ್ಲ. ಇದನ್ನು ಕೇಳಿ ಶೆಫೀಲ್ಡಿನಲ್ಲಿ ಏನಾಯಿತೆಂದು ತೀರ್ಮಾನಿಸುವುದು ತಪ್ಪಾಗುತ್ತದೆ. 1998ರಲ್ಲಿ ಮೂವರೂ ಮತ್ತೆ ಕೂಡಿ ನುಡಿಸಿದರು; ಆಗ ಲಂಡನ್ನಿನಲ್ಲಿ ಮುದ್ರಿಸಿಕೊಂಡದ್ದು 2006ರಲ್ಲಿ, ಬೇಲಿಯವರು ತೀರಿಕೊಂಡ ಮೇಲೆ, ಹೊರಬಂತು. ಸೊಗಸಾದ ವಾದನ, ನಿಜ. ಆದರೆ ಮೂವತ್ತಕ್ಕೂ ಹೆಚ್ಚು ವರ್ಷ ಮೂರು ಬೇರೆ ದಾರಿಯಲ್ಲಿ ನಡೆದುಬಂದವರ ಕೈ ಅದು. 1965ರ ಬಗ್ಗೆ ಅದರಿಂದ ಏನನ್ನೂ ಊಹಿಸುವಂತಿಲ್ಲ.

ಹಾಗಾದರೆ ಉಳಿಯುವುದು ನೆನಪು ಮಾತ್ರ. ಅದೂ ಹದಿನೈದು ವರ್ಷ ಕಳೆದ ಮೇಲೆ ಬರೆದದ್ದು. ಇಂಥ ನೆನಪನ್ನು ನಂಬಬಹುದೇ? ಒಂದು ಕಾರಣಕ್ಕೆ ನಾನು ನಂಬುತ್ತೇನೆ. ಸಾಕ್ಷಿಗಳಲ್ಲಿ ಒಬ್ಬರು ಈ ಸಂಗೀತವನ್ನು ತಿರಸ್ಕರಿಸಿದವರು. ಬ್ರಯರ್ಸ್ 1966ರಲ್ಲಿ ಆಶುವಾದನವನ್ನೇ ಬಿಟ್ಟರು, ಬಹು ಕಾಲ ಬಾಸ್ ಮುಟ್ಟಲಿಲ್ಲ, ರಚನೆಯ ಕಡೆ ಹೋದರು. 1969ರ 'ದಿ ಸಿಂಕಿಂಗ್ ಆಫ್ ದಿ ಟೈಟಾನಿಕ್' ಅವರಿಗೆ ಹೆಸರು ತಂದಿತು. ಅವರ ತಕರಾರನ್ನು ಬೇಲಿ ತಮ್ಮ ಪುಸ್ತಕದಲ್ಲೇ ಪ್ರಾಮಾಣಿಕವಾಗಿ ಕೊಟ್ಟಿದ್ದಾರೆ. ಆಶುವಾದನದಲ್ಲಿ ಸಂಗೀತವನ್ನು ವಾದಕನಿಂದ ಬೇರ್ಪಡಿಸಲಾಗದು, ಚಿತ್ರದ ಪಕ್ಕದಲ್ಲಿ ಚಿತ್ರಕಾರ ಸದಾ ನಿಂತೇ ಇರುವಂತಾಗುತ್ತದೆ ಎಂಬುದು ಅದರ ಸಾರ. ಈ ಸಂಗೀತದ ಬೆಲೆಯ ವಿಷಯದಲ್ಲಿ ಇಷ್ಟು ದೂರ ಸರಿದವರು, ಅದು ನಡೆದುಬಂದ ಬಗೆಯ ವಿಷಯದಲ್ಲಿ ಬೇಲಿಯವರೊಡನೆ ಒಪ್ಪುತ್ತಾರೆ. ಒಂದೇ ಪಕ್ಷದ ಮೂವರು ಒಂದೇ ಮಾತು ಹೇಳಿದ್ದರೆ ಇಷ್ಟು ಬೆಲೆ ಕೊಡುತ್ತಿರಲಿಲ್ಲ.

ಇನ್ನು ಲಂಡನ್. ಇಲ್ಲಿ ಆಧಾರಗಳು ಹೆಚ್ಚು ಗಟ್ಟಿ. ಸೇಂಟ್ ಮಾರ್ಟಿನ್ಸ್ ಲೇನ್ ನಾಟಕಗಳ ಬೀದಿ. ಅಲ್ಲಿಂದ ಒಳಗೆ ಹೊರಳುವ ಗ್ಯಾರಿಕ್ ಯಾರ್ಡ್ ಎಂಬ ಓಣಿಯಲ್ಲಿ, ಮೆಟ್ಟಿಲು ಹತ್ತಿ ಹೋಗಬೇಕಾದ ಪುಟ್ಟ ರಂಗಮಂದಿರವನ್ನು ಜೀನ್ ಪ್ರಿಚರ್ಡ್ ಎಂಬ ಮಹಿಳೆ ನಡೆಸುತ್ತಿದ್ದರು. ಸಂಜೆಯ ನಾಟಕ ಮುಗಿದ ಮೇಲೆ ರಂಗ ಖಾಲಿ. ಆ ಹೊತ್ತನ್ನು ಅವರು ಡ್ರಮ್ಸ್ ವಾದಕ ಜಾನ್ ಸ್ಟೀವನ್ಸ್ ಅವರಿಗೆ ಬಿಟ್ಟುಕೊಟ್ಟರು. 1966ರ ಜನವರಿ 3ರಂದು ಸರಣಿ ಶುರುವಾಯಿತು. ವಾರದ ಬಹುಪಾಲು ರಾತ್ರಿಗಳಲ್ಲಿ ವಾದನವಿರುತ್ತಿತ್ತು. 1974ರವರೆಗೂ ಆ ಮೆಟ್ಟಿಲು ಈ ಸಂಗೀತಕ್ಕೆ ತೆರೆದಿತ್ತು. ಜೀನ್ ಪ್ರಿಚರ್ಡ್ ಅವರ ಹೆಸರು ಸಂಗೀತದ ಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಇದು ಅನ್ಯಾಯ. ಅವರು ಒಂದು ಸ್ವರವನ್ನೂ ನುಡಿಸಲಿಲ್ಲ, ಆದರೆ ಅವರು ಬಿಟ್ಟುಕೊಟ್ಟ ಹೊತ್ತಿನಲ್ಲಿ ಒಂದು ಪರಂಪರೆಯೇ ಬೆಳೆಯಿತು.

ಸ್ಟೀವನ್ಸ್, ಸ್ಯಾಕ್ಸೋಫೋನ್ ವಾದಕ ಟ್ರೆವರ್ ವಾಟ್ಸ್, ಟ್ರಾಂಬೋನ್ ವಾದಕ ಪಾಲ್ ರುದರ್‌ಫರ್ಡ್ — ಮೂವರೂ ಬ್ರಿಟಿಷ್ ವಾಯುಪಡೆಯ ಬ್ಯಾಂಡಿನಲ್ಲಿ ಪರಿಚಿತರಾದವರು. ಇವರ ಕೂಟದ ಹೆಸರು ಸ್ಪಾಂಟೇನಿಯಸ್ ಮ್ಯೂಸಿಕ್ ಆನ್ಸಾಂಬಲ್. ಸರಣಿ ಶುರುವಾದ ಎರಡೇ ತಿಂಗಳಲ್ಲಿ, 1966ರ ಮಾರ್ಚಿನಲ್ಲಿ, ಈ ಕೂಟ 'ಚಾಲೆಂಜ್' ಎಂಬ ಧ್ವನಿಮುದ್ರಿಕೆ ಮಾಡಿತು. ಅದರಲ್ಲಿ ಇನ್ನೂ ಬರೆದ ಪಲ್ಲವಿಗಳಿವೆ. ಪಲ್ಲವಿ ಮುಗಿದ ಮೇಲೆ ಒಬ್ಬೊಬ್ಬರಾಗಿ ಮುಂದೆ ಬಂದು ನುಡಿಸುವ ಜಾಝ್‌ನ ಕ್ರಮ ಇದೆ. 1968ರ ಫೆಬ್ರವರಿ 18ರಂದು ಮುದ್ರಿಸಿದ 'ಕಾರ್ಯೋಬಿನ್' ಬೇರೆಯೇ ಲೋಕ. ಸ್ಟೀವನ್ಸ್ ಜೊತೆಗೆ ಟ್ರಂಪೆಟ್ ವಾದಕ ಕೆನ್ನಿ ವೀಲರ್, ಸ್ಯಾಕ್ಸೋಫೋನ್ ವಾದಕ ಇವಾನ್ ಪಾರ್ಕರ್, ಬಾಸ್ ವಾದಕ ಡೇವ್ ಹಾಲಂಡ್, ಮತ್ತು ಅಷ್ಟರಲ್ಲಿ ಶೆಫೀಲ್ಡ್ ಬಿಟ್ಟು ಲಂಡನ್ ಸೇರಿದ್ದ ಡೆರೆಕ್ ಬೇಲಿ. ಇದರಲ್ಲಿ ಮುಖ್ಯ ವಾದಕ, ಪಕ್ಕವಾದ್ಯ ಎಂಬ ಭೇದವೇ ಇಲ್ಲ. ಐದು ಎಳೆಗಳೂ ಒಂದೇ ತೂಕದವು. ಒಬ್ಬರು ಆಡಿದ ತುಣುಕನ್ನು ಇನ್ನೊಬ್ಬರು ಅರ್ಧಕ್ಕೇ ಎತ್ತಿಕೊಳ್ಳುತ್ತಾರೆ, ಮೂರನೆಯವರು ಅದನ್ನು ಬಿಟ್ಟು ಮೌನವಾಗುತ್ತಾರೆ. ಈ ಸಂಗೀತವನ್ನು ಮೊದಲ ಸಲ ಕೇಳಬೇಕೆನ್ನುವವರಿಗೆ ನಾನು ಹೇಳುವುದು ಇದನ್ನೇ.

'ಚಾಲೆಂಜ್'ನಿಂದ 'ಕಾರ್ಯೋಬಿನ್'ವರೆಗಿನ ಅವಧಿ ಎರಡು ವರ್ಷಕ್ಕೆ ತುಸು ಕಡಿಮೆ. ಶೆಫೀಲ್ಡಿನಲ್ಲಿ ಜಾಝ್‌ನಿಂದ ಮುಕ್ತವಾದನಕ್ಕೆ ಹಿಡಿದ ಕಾಲವೂ ಹತ್ತಿರ ಹತ್ತಿರ ಅಷ್ಟೇ. ಎರಡು ಊರು, ಬೇರೆ ಬೇರೆ ವಾದಕರು, ಒಂದು ಕಡೆ ವಾರಕ್ಕೊಂದು ಮಧ್ಯಾಹ್ನ, ಇನ್ನೊಂದು ಕಡೆ ಬಹುತೇಕ ಪ್ರತಿ ರಾತ್ರಿ. ಎರಡೇ ಉದಾಹರಣೆಗಳಿಂದ ನಿಯಮ ಹೊರಡಿಸುವುದು ದುಡುಕು. ಆದರೂ ಒಂದನ್ನು ಹೇಳಬಹುದು: ಇದು ಒಂದು ರಾತ್ರಿಯ ಸ್ಫೂರ್ತಿಯಿಂದ ಆಗುವ ಕೆಲಸವಾಗಿರಲಿಲ್ಲ. ನಡುವಿನ ಹಂತ ಎಂಥದೆಂದು ತಿಳಿಯಲು 1966–67ರಲ್ಲಿ ಒಂದು ಚಲನಚಿತ್ರಕ್ಕೆಂದು ಇದೇ ಕೂಟ ಮಾಡಿದ 'ವಿದ್‌ಡ್ರಾವಲ್' ಇದೆ; ಅದು ಬೆಳಕು ಕಂಡದ್ದು 1997ರಲ್ಲಿ. ಅದರೊಳಗೆ ಏಕವಾದನದ ಹಳೆಯ ಅಭ್ಯಾಸ ಕರಗುತ್ತಿರುವುದು ಕಿವಿಗೆ ಬೀಳುತ್ತದೆ.

ಸ್ಟೀವನ್ಸ್ ಅಲ್ಲಿ ಬರೀ ಡ್ರಮ್ಸ್ ನುಡಿಸುತ್ತಿರಲಿಲ್ಲ, ಪಾಠವನ್ನೂ ಕಟ್ಟುತ್ತಿದ್ದರು. ಅವರ ಎರಡು ಸೂತ್ರಗಳನ್ನು ಇವಾನ್ ಪಾರ್ಕರ್ ಮತ್ತೆ ಮತ್ತೆ ನೆನೆದಿದ್ದಾರೆ. ಜೊತೆಯವರು ನಿನಗೆ ಕೇಳಿಸದಿದ್ದರೆ ನೀನು ಜೋರಾಗಿ ನುಡಿಸುತ್ತಿದ್ದೀಯ ಎಂದು ತಿಳಿ. ನೀನು ನುಡಿಸುವುದಕ್ಕೂ ಜೊತೆಯವರು ನುಡಿಸುವುದಕ್ಕೂ ಸಂಬಂಧವಿಲ್ಲದಿದ್ದರೆ ನೀನು ಈ ಕೂಟದಲ್ಲಿ ಇರುವುದೇಕೆ ಎಂದು ಕೇಳಿಕೊ. ಈ ಸೂತ್ರಗಳನ್ನು ತಮಗೂ ಹಾಕಿಕೊಂಡು ಸ್ಟೀವನ್ಸ್ ತಮ್ಮ ಡ್ರಮ್ಸನ್ನೇ ಚಿಕ್ಕದು ಮಾಡಿಕೊಂಡರು. ಪುಟ್ಟ ವಾದ್ಯಗಳ ಆ ಜೋಡಣೆಯ ಸದ್ದು ಗಾಳಿವಾದ್ಯಗಳನ್ನು ಮುಚ್ಚುತ್ತಿರಲಿಲ್ಲ. ಹೊಸಬರಿಗೆ ಅಭ್ಯಾಸಗಳೂ ಇದ್ದವು. ಒಂದರಲ್ಲಿ ಪ್ರತಿಯೊಬ್ಬರೂ ತಮ್ಮಿಂದಾದ ಅತಿ ಚಿಕ್ಕ ಸದ್ದನ್ನಷ್ಟೇ ಮಾಡಬೇಕು. ಇನ್ನೊಂದರಲ್ಲಿ ಉಸಿರು ಇರುವಷ್ಟು ಹೊತ್ತು ಒಂದೇ ಸ್ವರ ಹಿಡಿಯಬೇಕು. 1968ರಲ್ಲಿ ಇಪ್ಪತ್ತರ ಹರೆಯದ ಗಾಯಕಿ ಮ್ಯಾಗಿ ನಿಕಲ್ಸ್ ಕೂಟಕ್ಕೆ ಬಂದು ಸೇರಿದ್ದು ಇಂಥ ಅಭ್ಯಾಸಗಳ ನಡುವೆ. ಇವೆಲ್ಲ 1985ರಲ್ಲಿ 'ಸರ್ಚ್ ಅಂಡ್ ರಿಫ್ಲೆಕ್ಟ್' ಎಂಬ ಕೈಪಿಡಿಯಾಗಿ ಅಚ್ಚಾದವು. ಸಂಗೀತ ಕಲಿಯದವರಿಗೂ ಕಲಿಸುವ ಶಿಬಿರಗಳಲ್ಲಿ ಈಗಲೂ ಬಳಕೆಯಲ್ಲಿವೆ.

ಕೇಳುಗರು ಎಷ್ಟು ಬರುತ್ತಿದ್ದರು? ಬಹಳ ಕಡಿಮೆ. ವೇದಿಕೆಯ ಮೇಲಿನವರಿಗಿಂತ ಎದುರು ಕೂತವರು ಕಡಿಮೆಯಿದ್ದ ರಾತ್ರಿಗಳ ನೆನಪನ್ನು ಹಲವರು ಹೇಳಿಕೊಂಡಿದ್ದಾರೆ. ಇದನ್ನು ಸೋಲೆಂದು ನಾನು ಓದುವುದಿಲ್ಲ. ಟಿಕೆಟ್ ಮಾರಿ ಬಾಡಿಗೆ ಕಟ್ಟಬೇಕಾಗಿದ್ದರೆ ಈ ಸರಣಿ ಒಂದು ತಿಂಗಳು ಬಾಳುತ್ತಿರಲಿಲ್ಲ. ಬಾಡಿಗೆಯ ಹೊರೆ ಇಲ್ಲದಿದ್ದುದರಿಂದ ಕೇಳುಗರನ್ನು ಮೆಚ್ಚಿಸುವ ಹೊರೆಯೂ ಇರಲಿಲ್ಲ. ಅದೇ ಕಾಲದಲ್ಲಿ ಜೆರಾರ್ಡ್ ಸ್ಟ್ರೀಟಿನಲ್ಲಿ ರಾನಿ ಸ್ಕಾಟ್ ತಮ್ಮ ಹಳೆಯ ಕ್ಲಬ್ಬಿನ ಜಾಗವನ್ನು ಎಳೆಯ ಜಾಝ್ ವಾದಕರಿಗೆ ಬಿಟ್ಟಿದ್ದರು. ಓಲ್ಡ್ ಪ್ಲೇಸ್ ಎಂದು ಕರೆಯುತ್ತಿದ್ದ ಅದು 1968ರಲ್ಲಿ ಮುಚ್ಚಿತು. ಗ್ಯಾರಿಕ್ ಯಾರ್ಡಿನ ಕೋಣೆ ಅದಕ್ಕಿಂತ ಆರು ವರ್ಷ ಹೆಚ್ಚು ಬಾಳಿತು. ಕೂಟದಿಂದ ವಾದಕರು ಹೊರಟುಹೋದಾಗಲೂ ಕೋಣೆ ಉಳಿಯಿತು. 1968ರ ಬೇಸಿಗೆಯಲ್ಲಿ ಮೈಲ್ಸ್ ಡೇವಿಸ್ ಲಂಡನ್ನಿನಲ್ಲಿ ಹಾಲಂಡ್ ಅವರನ್ನು ಕೇಳಿ ತಮ್ಮ ತಂಡಕ್ಕೆ ಕರೆಸಿಕೊಂಡರು. ಸ್ಟೀವನ್ಸ್ ಬೇರೆಯವರೊಡನೆ ಮುಂದುವರಿದರು. ಸರಣಿಯ ಕೊನೆಗಾಲದಲ್ಲಿ ಸ್ಟೀವನ್ಸ್ ಮತ್ತು ವಾಟ್ಸ್ ಇಬ್ಬರೇ ಎದುರುಬದುರು ಕೂತು, ಒಬ್ಬರ ವಾದ್ಯ ಇನ್ನೊಬ್ಬರತ್ತ ತಿರುಗಿರುವಂತೆ ನುಡಿಸಿದ್ದು 'ಫೇಸ್ ಟು ಫೇಸ್' ಆಗಿ ಉಳಿದಿದೆ. 1973ರಲ್ಲಿ ಅದೇ ರಂಗಮಂದಿರದಲ್ಲಿ ಮುದ್ರಿಸಿದ್ದು. ಆ ಕೋಣೆಯ ಗಾಳಿಯನ್ನು ಕೇಳಬೇಕೆಂದರೆ ಇದೊಂದು ದಾರಿ.

ಈಗ ಆಕ್ಷೇಪ. ಅದನ್ನು ಎತ್ತುವವರು ಬೇಲಿಯವರೇ. ಅವರು 1976ರಲ್ಲಿ ಕಂಪನಿ ಎಂಬ ಯೋಜನೆ ಹೂಡಿದರು; 1977ರಿಂದ 1994ರವರೆಗೆ ಹೆಚ್ಚುಕಡಿಮೆ ವರ್ಷಂಪ್ರತಿ ಕಂಪನಿ ವಾರ ನಡೆಯಿತು. ಬಹುಮಟ್ಟಿಗೆ ಒಟ್ಟಿಗೆ ನುಡಿಸಿ ಅಭ್ಯಾಸವಿಲ್ಲದ ವಾದಕರನ್ನು ಒಂದು ವಾರ ಕೂಡಿಸಿ ನುಡಿಸುವುದು ಅದರ ಕ್ರಮ. ಒಂದೇ ಗುಂಪು ಬಹುಕಾಲ ಒಟ್ಟಿಗಿದ್ದರೆ ವಾದನ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ, ಹೊಸ ಜೊತೆಯಲ್ಲೇ ಆಶುವಾದನಕ್ಕೆ ಜೀವ ಎಂಬುದು ಅವರ ನಿಲುವು. ಇದು ಸರಿಯಾದರೆ ವಾರವಾರದ ಕೋಣೆಯನ್ನು ಗುರುಕುಲ ಎಂದ ನನ್ನ ಮಾತು ಬಿದ್ದುಹೋಗುತ್ತದೆ.

ನನ್ನ ಉತ್ತರ ಹೀಗೆ. ಕಂಪನಿಗೆ ಬಂದವರು ಯಾರು? ಇವಾನ್ ಪಾರ್ಕರ್ ಲಿಟ್ಲ್ ಥಿಯೇಟರ್ ಕ್ಲಬ್ಬಿನಲ್ಲಿ ರೂಪುಗೊಂಡವರು. ಹಾಲಂಡಿನ ಹಾನ್ ಬೆನಿಂಕ್ ಆಮ್‌ಸ್ಟರ್‌ಡ್ಯಾಮಿನಲ್ಲಿ, ಅಮೆರಿಕದ ಆಂಥನಿ ಬ್ರಾಕ್ಸ್‌ಟನ್ ಷಿಕಾಗೋದಲ್ಲಿ ಕಪ್ಪು ಸಂಗೀತಗಾರರು 1965ರಲ್ಲಿ ಕಟ್ಟಿಕೊಂಡ ಎ.ಎ.ಸಿ.ಎಂ. ಸಂಘದಲ್ಲಿ ಬೆಳೆದವರು. ಆ ಸಂಘವೂ ತನ್ನದೇ ಕಛೇರಿಗಳನ್ನು ತಾನೇ ಏರ್ಪಡಿಸುತ್ತಿತ್ತು, ಸದಸ್ಯರು ತಮ್ಮ ಸ್ವಂತ ಸಂಗೀತವನ್ನೇ ನುಡಿಸಬೇಕೆಂದು ಕಟ್ಟುಮಾಡಿತ್ತು. ಅಂದರೆ ಅಪರಿಚಿತರ ಜೊತೆ ಧೈರ್ಯವಾಗಿ ಕೂರಬಲ್ಲವರು, ಮೊದಲು ಪರಿಚಿತರ ಜೊತೆ ವರ್ಷಗಟ್ಟಲೆ ಕೂತಿದ್ದವರು. ಬೇಲಿ ಸ್ವತಃ ಶೆಫೀಲ್ಡಿನ ಶನಿವಾರಗಳಿಲ್ಲದೆ ಕಂಪನಿಯ ಬೇಲಿ ಆಗುತ್ತಿರಲಿಲ್ಲ. ಅವರ ಮಾತೂ ನನ್ನ ಮಾತೂ ನಿಜ, ಆದರೆ ಕಲಿಕೆಯ ಬೇರೆ ಬೇರೆ ಘಟ್ಟಗಳಿಗೆ.

ಕೋಣೆ ಸಂಗೀತದ ಸ್ವರೂಪವನ್ನೂ ನಿರ್ಧರಿಸುತ್ತದೆಯೇ ಎಂಬುದು ಬೇರೆ ಪ್ರಶ್ನೆ, ಇಲ್ಲಿ ಜಾಗರೂಕರಾಗಿರಬೇಕು. ಟೋಕಿಯೋದ ಯೊಯೋಗಿಯಲ್ಲಿ 2000ದಿಂದ 2005ರವರೆಗೆ ಆಫ್ ಸೈಟ್ ಎಂಬ ಜಾಗ ನಡೆಯಿತು. ಹಳೆಯ ಮರದ ಮನೆ, ತೆಳು ಗೋಡೆ, ಅಂಟಿಕೊಂಡೇ ನೆರೆಮನೆಗಳು, ಜೋರಾಗಿ ನುಡಿಸುವಂತಿರಲಿಲ್ಲ. ಅಲ್ಲಿ ಕೇಳಿಬಂದ, ಉಸಿರಿನಷ್ಟು ಮೆಲುವಾದ ಸಂಗೀತಕ್ಕೆ ಗೋಡೆಯೇ ಕಾರಣವೆಂದು ಹಲವರು ಬರೆದಿದ್ದಾರೆ. ಆದರೆ ತೊಶಿಮಾರು ನಕಾಮುರಾ, ತಾಕು ಸುಗಿಮೊಟೊ, ತೆತ್ಸುಝಿ ಅಕಿಯಾಮಾ 1998ರಲ್ಲೇ ಬಾರ್ ಅಯೋಯಾಮಾ ಎಂಬಲ್ಲಿ ಮಾಸಿಕ ಕೂಟ ಶುರುಮಾಡಿದ್ದರು. ಮೆಲುದನಿಯ ಒಲವು ಅಲ್ಲಿಂದ ಬಂದದ್ದು. ತೆಳು ಗೋಡೆ ಅದನ್ನು ಇನ್ನಷ್ಟು ಒತ್ತಿತು. ಲಂಡನ್ನಿನಲ್ಲೂ ಸ್ಟೀವನ್ಸ್ ಅವರ ಮೆಲುದನಿಗೆ ಕೋಣೆಯ ಅಳತೆ ನೆರವಾಗಿರಬಹುದು, ಆದರೆ ಮೂಲ ಅವರ ಕೇಳುವ ನಿಯಮ. ಆದ್ದರಿಂದ ಕೋಣೆಯ ಗೋಡೆಗಿಂತ ಕೋಣೆಯ ವೇಳೆಗೆ ನಾನು ಹೆಚ್ಚು ತೂಕ ಕೊಡುತ್ತೇನೆ.

ಆ ವೇಳೆಯ ಶಿಸ್ತು ಇಂಗ್ಲೆಂಡಿನಲ್ಲಿ ಉಳಿದುಕೊಂಡಿತು. 1965ರಲ್ಲಿ ಹುಟ್ಟಿದ ಎ.ಎಂ.ಎಂ. ಕೂಟದ ಎಡ್ಡಿ ಪ್ರೆವೋಸ್ಟ್ 1999ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಶುಕ್ರವಾರದ ಸಂಜೆಗಳ ಕಮ್ಮಟ ತೆರೆದರು. ನೂರಾರು ವಾದಕರು ಅದರ ಮೂಲಕ ಹಾದುಹೋಗಿದ್ದಾರೆ. 2008ರಲ್ಲಿ ಡಾಲ್‌ಸ್ಟನ್‌ನಲ್ಲಿ ಶುರುವಾದ ಕೆಫೆ ಓಟೋ ಹಗಲು ಕಾಫಿ ಮಾರಿ ರಾತ್ರಿ ಕಛೇರಿ ನಡೆಸುತ್ತದೆ. ನಾಟಕದ ನಂತರದ ಖಾಲಿ ರಂಗಕ್ಕೂ ಇದಕ್ಕೂ ಲೆಕ್ಕಾಚಾರ ಒಂದೇ: ಜಾಗದ ಖರ್ಚನ್ನು ಬೇರೆ ವ್ಯವಹಾರ ಹೊರಬೇಕು, ಸಂಗೀತ ಹೊರಬಾರದು.

ಕನ್ನಡದ ಓದುಗರಿಗೆ ಒಂದು ಮಾತು. ಬೇಲಿಯವರ ಪುಸ್ತಕ ಆರಂಭವಾಗುವುದು ಭಾರತೀಯ ಸಂಗೀತದ ಅಧ್ಯಾಯದಿಂದ. ಆಶುವಾದನವನ್ನು ಗೌರವದಿಂದ ಕಾಪಾಡಿಕೊಂಡ ಪರಂಪರೆ ಎಂದು ಅವರು ನಮ್ಮತ್ತ ನೋಡಿದ್ದರು. ಮನೋಧರ್ಮಕ್ಕೆ ಹೆಸರಾದ ನಮ್ಮ ವಿದ್ವಾಂಸರ ಎಷ್ಟೋ ಒಳ್ಳೆಯ ಸಂಜೆಗಳು ದೊಡ್ಡ ಸಭೆಗಳಲ್ಲಿ ನಡೆದಿಲ್ಲ. ಮನೆಯ ಪಡಸಾಲೆಗಳಲ್ಲಿ, ದೇವಸ್ಥಾನದ ಪ್ರಾಂಗಣಗಳಲ್ಲಿ, ಮಹಡಿ ಕೋಣೆಗಳಲ್ಲಿ ನಡೆದಿವೆ. ಬೆಂಗಳೂರು, ಮೈಸೂರು, ಧಾರವಾಡದ ಹೊಸ ಪ್ರಯೋಗಗಳೂ ಇಂಥ ಜಾಗಗಳಲ್ಲೇ ನಡೆಯುತ್ತಿವೆ. ಶೆಫೀಲ್ಡಿನ ಮುಕ್ತವಾದನದ ಶನಿವಾರಗಳನ್ನು ಕೇಳುವ ಭಾಗ್ಯ ನಮಗಿಲ್ಲ, ಏಕೆಂದರೆ ಅವುಗಳನ್ನು ಉಳಿಸಿಡುವ ಏರ್ಪಾಡು ಯಾರ ಕೈಯಲ್ಲೂ ಇರಲಿಲ್ಲ. ನಿಮ್ಮ ಮನೆಯಲ್ಲಿ ಇಂಥ ಸಂಜೆಗಳ ಕ್ಯಾಸೆಟ್ಟು, ಕರಪತ್ರ, ಹಾಜರಿ ಪುಸ್ತಕ, ಒಂದು ಫೋಟೋ ಇದ್ದರೂ ಅದರ ಹಿಂದೆ ದಿನಾಂಕ, ಜಾಗ, ವಾದಕರ ಹೆಸರು ಮತ್ತು ಆ ಜಾಗವನ್ನು ಬಿಟ್ಟುಕೊಟ್ಟವರ ಹೆಸರನ್ನು ಬರೆದಿಡಿ. ಆಮೇಲೆ ಅದನ್ನು ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೋ ಸಂಗೀತ ವಿಭಾಗಕ್ಕೋ ಒಂದು ಪ್ರತಿ ಮಾಡಿ ಕೊಡಿ.